ಪುಟ್ಟ ಮಕ್ಕಳ ಆರೋಗ್ಯ ತಪಾಸಣೆ: ಅಂಗನವಾಡಿಗೆ ಬರುವ ವೈದ್ಯರು ಪ್ಲೇ ಹೋಮ್‌ಗೆ ಏಕಿಲ್ಲ?

ನಮ್ಮ ಪ್ರತಿನಿಧಿಯಿಂದ

ಬೆಂಗಳೂರು: ಜೂನ್ ತಿಂಗಳು ಬಂತೆಂದರೆ ರಾಜಾಜಿನಗರದ ಬೀದಿಗಳಲ್ಲಿ ಪುಟ್ಟ ಚೀಲ ಹೊತ್ತ ಮಕ್ಕಳ ಓಡಾಟ ಆರಂಭವಾಗುತ್ತದೆ. ನವರಂಗ್ ವೃತ್ತ, ಭಾಷ್ಯಂ ವೃತ್ತದ ಸುತ್ತಲಿನ ಅಡ್ಡರಸ್ತೆಗಳಲ್ಲಿ ಗೋಡೆಗೆ ಬಣ್ಣ ಬಳಿದ ಪ್ಲೇ ಹೋಮ್‌ಗಳಿವೆ. ಪ್ರಕಾಶನಗರ, ಶ್ರೀರಾಮಪುರ ಕಡೆಯ ಗಲ್ಲಿಗಳಲ್ಲಿ ಅಂಗನವಾಡಿಗಳಿವೆ. ಎರಡೂ ಕಡೆ ಸೇರುವ ಮಕ್ಕಳ ವಯಸ್ಸು ಒಂದೇ. ಪಾಠ ಬೇರೆ, ಶುಲ್ಕ ಬೇರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆರೋಗ್ಯ ತಪಾಸಣೆಯ ವ್ಯವಸ್ಥೆಯೂ ಬೇರೆ ಬೇರೆ ಎಂಬುದು ಅನೇಕ ಪೋಷಕರ ಗಮನಕ್ಕೆ ಬಂದಿರುವುದಿಲ್ಲ.

ವಿಚಿತ್ರವೆಂದರೆ, ಇಲ್ಲಿ ಹಣ ಕಟ್ಟದ ಮಗುವಿನ ಕಡೆಗೇ ತಕ್ಕಡಿ ವಾಲಿದೆ. ನಿಯಮದ ಪ್ರಕಾರ ಅಂಗನವಾಡಿಗೆ ಸರ್ಕಾರದ ಸಂಚಾರಿ ವೈದ್ಯ ತಂಡ ವರ್ಷಕ್ಕೆ ಎರಡು ಬಾರಿ ಬರಬೇಕು. ಕಣ್ಣು, ಕಿವಿ, ಹೃದಯ, ಮಾತು, ನಡಿಗೆ ಎಲ್ಲವನ್ನೂ ನೋಡಬೇಕು. ಸಾವಿರಾರು ರೂಪಾಯಿ ಶುಲ್ಕ ಪಡೆಯುವ ಪ್ಲೇ ಹೋಮ್‌ಗೆ ಆ ತಂಡ ಬರುವ ಏರ್ಪಾಡು ಇಲ್ಲ. ಅಲ್ಲಿ ತಪಾಸಣೆ ನಡೆದರೆ ಅದು ಆಡಳಿತ ಮಂಡಳಿಯ ಆಸಕ್ತಿ, ನಡೆಯದಿದ್ದರೆ ಕೇಳುವವರಿಲ್ಲ. ಈ ಹಿನ್ನೆಲೆಯಲ್ಲಿ ಯಾವುದು ಕಾನೂನು, ಯಾವುದು ಬರಿಯ ಮಾರ್ಗಸೂಚಿ, ಮಗುವನ್ನು ಸೇರಿಸುವಾಗ ಪೋಷಕರು ಏನನ್ನು ಕೇಳಬೇಕು ಎಂಬ ವಿವರ ಇಲ್ಲಿದೆ.

ಅರ್ಧ ಶತಮಾನದ ವ್ಯವಸ್ಥೆ

ಆರು ವರ್ಷದೊಳಗಿನ ಮಕ್ಕಳ ಕಲಿಕೆ ಮತ್ತು ಆರೋಗ್ಯವನ್ನು ಒಂದೇ ಸೂರಿನಡಿ ತರುವ ಪ್ರಯತ್ನ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ಅಂದು 33 ಪ್ರಾಯೋಗಿಕ ಘಟಕಗಳೊಂದಿಗೆ ಜಾರಿಗೆ ಬಂತು. ಕರ್ನಾಟಕದಲ್ಲಿ ಮೊದಲಿಗೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕು. 2025ಕ್ಕೆ ಯೋಜನೆಗೆ 50 ವರ್ಷ ತುಂಬಿತು. ಈಗ ರಾಜ್ಯದಾದ್ಯಂತ ಅಂಗನವಾಡಿ ಕೇಂದ್ರಗಳಿವೆ.

ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು ಎಂಬ ಆರು ಸೇವೆಗಳು ಈ ಯೋಜನೆಯ ಅಡಿಪಾಯ. ಗಮನಿಸಬೇಕಾದ ಅಂಶವೆಂದರೆ, ಆರರಲ್ಲಿ ಮೂರು ಸೇವೆಗಳು ನೇರವಾಗಿ ಆರೋಗ್ಯ ಇಲಾಖೆಯ ಸಹಕಾರವನ್ನೇ ಅವಲಂಬಿಸಿವೆ. ಅಂಗನವಾಡಿ ಎಂದರೆ ಅನ್ನ ಸಾರು ಬಡಿಸುವ ಜಾಗವೆಂಬ ನಗರವಾಸಿಗಳ ಭಾವನೆ ಪೂರ್ಣ ಸತ್ಯವಲ್ಲ.

ಅಂಗನವಾಡಿಯಲ್ಲಿ ಏನೇನು ಕಡ್ಡಾಯ?

ಅಂಗನವಾಡಿ ಕಾರ್ಯಕರ್ತೆಯ ಮೊದಲ ಕರ್ತವ್ಯ ಮಗುವಿನ ಬೆಳವಣಿಗೆಯ ಮೇಲೆ ನಿಗಾ ಇಡುವುದು. ತೂಕ ಮತ್ತು ಎತ್ತರವನ್ನು ನಿಯತವಾಗಿ ಅಳೆದು ದಾಖಲಿಸಬೇಕು. ಹಿಂದೆ ಇದು ಬೆಳವಣಿಗೆ ನಕ್ಷೆಯ ಕಾಗದದ ಮೇಲೆ ನಡೆಯುತ್ತಿತ್ತು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ನಮೂದಾಗುತ್ತಿದೆ. ಅಳತೆಗೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡ.

ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಇನ್ನೊಂದು ಸರಳ ಪರೀಕ್ಷೆ ಇದೆ. ತೋಳಿನ ನಡುಭಾಗದ ಸುತ್ತಳತೆಯನ್ನು ಪಟ್ಟಿಯಿಂದ ಅಳೆಯಲಾಗುತ್ತದೆ. ಅದು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ನಡುವೆ ಇದ್ದರೆ ಸಾಧಾರಣ ಅಪೌಷ್ಟಿಕತೆ. ತೀವ್ರ ಅಪೌಷ್ಟಿಕತೆಯ ಜೊತೆಗೆ ಬೇರೆ ಕಾಯಿಲೆಯೂ ಇರುವ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕು. ಇದು ಇಲಾಖೆಯ ಔದಾರ್ಯವಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 6ನೇ ಕಲಮು, ಅಪೌಷ್ಟಿಕತೆಯಿಂದ ಬಳಲುವ ಮಕ್ಕಳನ್ನು ಅಂಗನವಾಡಿಯ ಮೂಲಕ ಗುರುತಿಸಿ ಉಚಿತ ಆಹಾರ ಒದಗಿಸುವ ಹೊಣೆಯನ್ನು ರಾಜ್ಯ ಸರ್ಕಾರದ ಮೇಲೆ ಹೊರಿಸಿದೆ.

ಇವಲ್ಲದೆ 9 ತಿಂಗಳಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ, ಐದು ವರ್ಷದವರೆಗೆ ವಾರಕ್ಕೆರಡು ಬಾರಿ 1 ಮಿಲಿಲೀಟರ್ ಕಬ್ಬಿಣಾಂಶದ ಸಿರಪ್, ಜಂತುಹುಳು ನಿವಾರಣಾ ದಿನದಂದು ಆಲ್ಬೆಂಡಜೋಲ್ ಮಾತ್ರೆ ನೀಡುವ ವ್ಯವಸ್ಥೆ ಇದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ, ಅದಕ್ಕೆ ಮೇಲ್ಪಟ್ಟವರಿಗೆ 400 ಮಿಲಿಗ್ರಾಂನ ಪೂರ್ಣ ಮಾತ್ರೆ.

ಸಂಚಾರಿ ತಂಡ: ನಾಲ್ಕು ಬಗೆಯ ದೋಷಗಳ ಹುಡುಕಾಟ

ಕೇಂದ್ರ ಸರ್ಕಾರ 2013ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಆರ್‌ಬಿಎಸ್‌ಕೆ ಎಂಬ ಹೆಸರಿನಿಂದ ಪರಿಚಿತವಾದ ಈ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಪ್ರತಿ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಶುಶ್ರೂಷಕಿ ಅಥವಾ ಎಎನ್‌ಎಂ, ಒಬ್ಬ ಔಷಧ ವಿತರಕರು ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆರು ವಾರದಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಬಾರಿ, ಶಾಲಾ ಮಕ್ಕಳಿಗೆ ವರ್ಷಕ್ಕೆ ಒಂದು ಬಾರಿ ತಪಾಸಣೆ.

ಒಟ್ಟು 30 ಆರೋಗ್ಯ ಸಮಸ್ಯೆಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ:

- ಹುಟ್ಟಿನಿಂದ ಬಂದ ದೋಷಗಳು: ಸೀಳು ತುಟಿ, ಸೊಟ್ಟ ಪಾದ, ಜನ್ಮಜಾತ ಹೃದಯದೋಷ, ಹುಟ್ಟು ಕಿವುಡು, ಕಣ್ಣಿನ ಪೊರೆ ಮುಂತಾದವು.
- ಕೊರತೆಗಳು: ರಕ್ತಹೀನತೆ, ವಿಟಮಿನ್ ಎ ಮತ್ತು ಡಿ ಕೊರತೆ, ತೀವ್ರ ಅಪೌಷ್ಟಿಕತೆ, ಗಳಗಂಡ.
- ಬಾಲ್ಯದ ಕಾಯಿಲೆಗಳು: ಚರ್ಮರೋಗ, ಕಿವಿ ಸೋರುವಿಕೆ, ಸಂಧಿವಾತದಿಂದ ಬರುವ ಹೃದ್ರೋಗ, ಉಬ್ಬಸ, ಹುಳುಕು ಹಲ್ಲು, ಮೂರ್ಛೆರೋಗ.
- ಬೆಳವಣಿಗೆಯ ವಿಳಂಬ ಮತ್ತು ನ್ಯೂನತೆ: ದೃಷ್ಟಿದೋಷ, ಶ್ರವಣದೋಷ, ನಡಿಗೆ ಮತ್ತು ಮಾತಿನ ವಿಳಂಬ, ಆಟಿಸಂ, ಕಲಿಕಾ ನ್ಯೂನತೆ, ಅತಿ ಚಟುವಟಿಕೆ ಮುಂತಾದವು.

ದೋಷದ ಶಂಕೆ ಇದ್ದರೆ ಮಗುವನ್ನು ಸಮೀಪದ ಆಸ್ಪತ್ರೆಗೆ ಅಥವಾ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಮುಂದಿನ ಚಿಕಿತ್ಸೆ ಉಚಿತ.

ಚೀಟಿ ಕೊಟ್ಟರೆ ಮುಗಿಯಿತೇ?

ಕಾಗದದ ಮೇಲೆ ಈ ವ್ಯವಸ್ಥೆ ಸಮಗ್ರವಾಗಿಯೇ ಇದೆ. ತೊಡಕು ಶುರುವಾಗುವುದು ತಪಾಸಣೆಯ ಮರುದಿನದಿಂದ. ಶಿಫಾರಸು ಚೀಟಿ ತಾಯಿಯ ಕೈಸೇರುತ್ತದೆ. ದಿನಗೂಲಿಯ ಮನೆಯಲ್ಲಿ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಸಂಬಳ ಬಿಟ್ಟಂತೆ. ಮೊದಲ ದಿನ ಪರೀಕ್ಷೆ, ಇನ್ನೊಂದು ದಿನ ವರದಿ, ಮತ್ತೊಂದು ದಿನ ತಜ್ಞರ ಭೇಟಿ ಎಂದಾದರೆ ಮೂರು ದಿನದ ಸಂಬಳ. ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಕೆಲಸ ಮುಗಿದೊಡನೆ ಬೇರೆ ಬಡಾವಣೆಗೆ ಹೋಗುತ್ತವೆ. ಹೊಸ ಅಂಗನವಾಡಿಯಲ್ಲಿ ಹಳೆಯ ಚೀಟಿಯ ಸುದ್ದಿ ತಾಯಿಯೇ ಎತ್ತದಿದ್ದರೆ ಅದು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು.

ಆದ್ದರಿಂದ ಎಷ್ಟು ಮಕ್ಕಳನ್ನು ಪರೀಕ್ಷಿಸಲಾಯಿತು ಎಂಬ ಲೆಕ್ಕಕ್ಕಿಂತ, ಶಿಫಾರಸಾದವರಲ್ಲಿ ಎಷ್ಟು ಮಂದಿ ಚಿಕಿತ್ಸೆ ಪಡೆದರು ಎಂಬ ಲೆಕ್ಕ ಮುಖ್ಯವಾಗುತ್ತದೆ. ಕಿವಿ ಕೇಳದ ಮಗುವಿನ ವಿಷಯದಲ್ಲಿ ಒಂದು ವರ್ಷದ ವಿಳಂಬವೆಂದರೆ ಒಂದು ವರ್ಷದ ಮಾತು ಕಳೆದುಹೋದಂತೆ. ಮೆದುಳು ಭಾಷೆಯನ್ನು ಸುಲಭವಾಗಿ ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಕಣ್ಣಿನ ಮಾತೂ ಹಾಗೆಯೇ. ಒಂದು ಕಣ್ಣು ಮಾತ್ರ ಮಂದವಾಗಿರುವ, ವೈದ್ಯರು ‘ಲೇಜಿ ಐ’ ಎನ್ನುವ ದೋಷಕ್ಕೆ ಏಳು ವರ್ಷದೊಳಗೆ ಚಿಕಿತ್ಸೆ ದೊರೆತರೆ ಫಲ ಹೆಚ್ಚು. ಇನ್ನೊಂದು ಕಣ್ಣಿನಿಂದ ಎಲ್ಲವನ್ನೂ ನೋಡುವ ಮಗು ತನಗೆ ಕಾಣುತ್ತಿಲ್ಲವೆಂದು ಹೇಳುವುದೇ ಇಲ್ಲ. ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷಿಸಿದಾಗ ಮಾತ್ರ ತಿಳಿಯುತ್ತದೆ.

ಖಾಸಗಿ ಪ್ಲೇ ಹೋಮ್: ಕಾನೂನು ಏನು ಹೇಳುತ್ತದೆ?

ಆರ್‌ಬಿಎಸ್‌ಕೆ ಮಾರ್ಗಸೂಚಿಯ ವ್ಯಾಪ್ತಿಗೆ ಬರುವವರು ಗ್ರಾಮೀಣ ಪ್ರದೇಶದ ಮತ್ತು ನಗರದ ಕೊಳೆಗೇರಿಗಳ ಪುಟ್ಟ ಮಕ್ಕಳು ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳ ವಿದ್ಯಾರ್ಥಿಗಳು. ರಾಜಾಜಿನಗರದ ಯಾವುದೋ ಬ್ಲಾಕಿನ ಖಾಸಗಿ ಪ್ಲೇ ಹೋಮ್‌ನಲ್ಲಿರುವ ಮಗು ಈ ಪಟ್ಟಿಯಲ್ಲಿ ಸೇರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದು 6ರಿಂದ 14 ವರ್ಷದವರಿಗೆ. ಅದರ 11ನೇ ಕಲಮು ಮೂರರಿಂದ ಆರು ವರ್ಷದ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು ಸರ್ಕಾರ ‘ಮಾಡಬಹುದು’ ಎನ್ನುತ್ತದೆ, ‘ಮಾಡತಕ್ಕದ್ದು’ ಎನ್ನುವುದಿಲ್ಲ. 2002ರ 86ನೇ ತಿದ್ದುಪಡಿಯ ನಂತರ ಸಂವಿಧಾನದ 45ನೇ ವಿಧಿಯೂ ಆರು ವರ್ಷದೊಳಗಿನ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ರಾಜ್ಯ ‘ಪ್ರಯತ್ನಿಸತಕ್ಕದ್ದು’ ಎಂದಷ್ಟೇ ಹೇಳಿದೆ.

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲುಗಳಿಗಾಗಿ ಮಾರ್ಗಸೂಚಿಯನ್ನು ರೂಪಿಸಿದೆ. ಸಂಸ್ಥೆಯ ನೋಂದಣಿ, 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಮುಂತಾದ ಅಂಶಗಳು ಅದರಲ್ಲಿವೆ. ಆದರೆ ಮಾರ್ಗಸೂಚಿಗೆ ಕಾಯ್ದೆಯ ಬಲವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲಾ ಮಕ್ಕಳಿಗೆ ನಿಯತ ಆರೋಗ್ಯ ತಪಾಸಣೆ ಮತ್ತು ಆರೋಗ್ಯ ಕಾರ್ಡ್ ಇರಬೇಕೆಂದು ಆಶಿಸಿದೆ. ಅದು ನೀತಿಯೇ ಹೊರತು ಶಾಸನವಲ್ಲ.

ಹಾಗಾದರೆ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಕಾನೂನು ಇಲ್ಲವೇ? ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಮು, ನ್ಯೂನತೆಯ ಅಪಾಯವಿರುವವರನ್ನು ಗುರುತಿಸಲು ‘ಎಲ್ಲ ಮಕ್ಕಳನ್ನೂ’ ವರ್ಷಕ್ಕೆ ಕನಿಷ್ಠ ಒಂದು ಬಾರಿ ತಪಾಸಣೆ ಮಾಡಬೇಕೆಂದು ಸರ್ಕಾರಕ್ಕೆ ಮತ್ತು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದೆ. ಇಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ಸ್ಥಳೀಯ ಸಂಸ್ಥೆಯ ಹೊಣೆ ಈಗ ಅವುಗಳದ್ದು. ಪ್ಲೇ ಹೋಮ್ ಮಕ್ಕಳ ತಪಾಸಣೆ ಏಕಿಲ್ಲ ಎಂದು ಕೇಳುವ ಪೋಷಕರಿಗೆ ಈ ಕಲಮು ಗಟ್ಟಿಯಾದ ಆಧಾರ.

ಲಸಿಕೆ ಕಾರ್ಡ್ ಕೇಳುತ್ತಾರೆ, ಓದುವವರಾರು?

ಪ್ರವೇಶದ ಅರ್ಜಿಯ ಜೊತೆಗೆ ಜನನ ಪ್ರಮಾಣಪತ್ರ, ಭಾವಚಿತ್ರ, ಲಸಿಕೆ ಕಾರ್ಡಿನ ನಕಲು ಕೇಳುವುದು ನಗರದಲ್ಲಿ ವಾಡಿಕೆ. ಲಸಿಕೆ ಹಾಕಿಸದ ಮಗುವಿಗೆ ಪ್ರವೇಶ ನಿರಾಕರಿಸಬೇಕೆಂಬ ರಾಷ್ಟ್ರೀಯ ಕಾನೂನು ನಮ್ಮಲ್ಲಿಲ್ಲ. ನಿರಾಕರಿಸುವುದು ಅಪೇಕ್ಷಣೀಯವೂ ಅಲ್ಲ. ಕಾರ್ಡನ್ನು ಓದಿ, ಬಿಟ್ಟುಹೋದ ಡೋಸ್ ಯಾವುದೆಂದು ತಾಯಿಗೆ ತಿಳಿಸಿದರೆ ಅಷ್ಟೇ ಸಾಕು. ಬಹಳಷ್ಟು ಕಡೆ ನಕಲು ಕಡತ ಸೇರುವುದರೊಂದಿಗೆ ಆ ಕಾರ್ಡಿನ ಕಥೆ ಮುಗಿಯುತ್ತದೆ.

ಶಾಲಾಪೂರ್ವ ವಯಸ್ಸಿನಲ್ಲಿ ತಪ್ಪಿಹೋಗುವ ಸಾಧ್ಯತೆ ಹೆಚ್ಚಿರುವುದು ಡಿಪಿಟಿ ಎರಡನೇ ಬೂಸ್ಟರ್. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳಿಂದ ರಕ್ಷಣೆ ನೀಡುವ ಈ ಲಸಿಕೆಯ ಸಮಯ 5ರಿಂದ 6 ವರ್ಷ. ಮೊದಲ ಬೂಸ್ಟರ್ 16ರಿಂದ 24 ತಿಂಗಳೊಳಗೆ ಮುಗಿದಿರುತ್ತದೆ. ನಡುವೆ ಮೂರು ವರ್ಷಕ್ಕೂ ಹೆಚ್ಚು ಅಂತರ. ಎರಡನೇ ಬೂಸ್ಟರ್ ಬರುವ ಹೊತ್ತಿಗೆ ಮಗು ಯುಕೆಜಿಯಲ್ಲಿರುತ್ತದೆ, ತಾಯಿ ಕಾರ್ಡ್ ಬೀರುವಿನ ಅಡಿ ಸೇರಿರುತ್ತದೆ.

ಮತ್ತೊಂದು ವ್ಯತ್ಯಾಸವೂ ತಿಳಿದಿರಬೇಕು. ಸರ್ಕಾರಿ ಪಟ್ಟಿಯಲ್ಲಿರುವುದು ದಡಾರ ಮತ್ತು ರುಬೆಲ್ಲಾ ಲಸಿಕೆ; 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು. ಮಂಗನಬಾವಿಗೂ ರಕ್ಷಣೆ ನೀಡುವ ಎಂಎಂಆರ್ ಲಸಿಕೆಯನ್ನು ಭಾರತೀಯ ಮಕ್ಕಳ ತಜ್ಞರ ಸಂಘ ಶಿಫಾರಸು ಮಾಡುತ್ತದೆಯಾದರೂ ಅದು ಸರ್ಕಾರಿ ಪಟ್ಟಿಯಲ್ಲಿಲ್ಲ. ಮಗುವಿಗೆ ಯಾವುದು ದೊರೆತಿದೆ ಎಂಬುದನ್ನು ಕಾರ್ಡ್ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

ಖಾಸಗಿ ಶಾಲೆಗಳನ್ನು ಸರ್ಕಾರ ತಲುಪಲಾರದು ಎಂಬ ವಾದಕ್ಕೆ 2017ರಲ್ಲೇ ಉತ್ತರ ಸಿಕ್ಕಿದೆ. ಆ ವರ್ಷದ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾಯಿತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳೂ ಗುರಿಯಾಗಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವದಂತಿಗಳ ನಡುವೆಯೂ ಆರೋಗ್ಯ ಸಿಬ್ಬಂದಿ ಸರ್ಕಾರಿ ಮತ್ತು ಖಾಸಗಿ ಶಾಲೆಗಳೆರಡಕ್ಕೂ ಹೋಗಿ ಲಸಿಕೆ ಹಾಕಿದರು. ಜಂತುಹುಳು ಮಾತ್ರೆಯೂ ಖಾಸಗಿ ಶಾಲೆಗಳಿಗೆ ಹೋಗುತ್ತದೆ. ಮಾತ್ರೆ ಹೋಗುವ ದಾರಿಯಲ್ಲಿ ತಪಾಸಣೆಯೂ ಹೋಗಬಹುದು.

ಅನುಕೂಲಸ್ಥರ ಮನೆಗೆ ಇದರ ಅಗತ್ಯವಿದೆಯೇ?

‘ನಮ್ಮ ಮಗುವಿಗೆ ಮಕ್ಕಳ ಡಾಕ್ಟರ್ ಇದ್ದಾರೆ’ ಎಂಬುದು ಮಧ್ಯಮ ವರ್ಗದ ಸಹಜ ಉತ್ತರ. ಜ್ವರ ಬಂದಾಗ ಕ್ಲಿನಿಕ್‌ಗೆ ಹೋಗುವುದು ಬೇರೆ, ಆರೋಗ್ಯವಾಗಿ ಕಾಣುವ ಮಗುವಿನಲ್ಲಿ ದೋಷ ಹುಡುಕುವುದು ಬೇರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೂವರಲ್ಲಿ ಇಬ್ಬರು ಎಂಬಷ್ಟು ದೊಡ್ಡ ಪ್ರಮಾಣವಿದು. ಬಡವರ ಮನೆಗಳಿಗೆ ಮಾತ್ರ ಸೀಮಿತವಾಗಲು ಸಾಧ್ಯವಿಲ್ಲ. ಊಟ ಬಿಟ್ಟು ಲೋಟಗಟ್ಟಲೆ ಹಾಲು ಕುಡಿಯುವ ಮಗುವಿಗೂ ಕಬ್ಬಿಣಾಂಶದ ಕೊರತೆಯಾಗುತ್ತದೆ. ಮಾತಿನ ವಿಳಂಬ, ಆಟಿಸಂ, ಶ್ರವಣದೋಷಗಳು ಮನೆಯ ಆದಾಯ ಕೇಳಿ ಬರುವುದಿಲ್ಲ. ‘ಗಂಡು ಮಕ್ಕಳಿಗೆ ಮಾತು ತಡ’, ‘ಅವರ ಅಪ್ಪನೂ ಹೀಗೇ ಇದ್ದ’ ಎಂಬ ಸಮಾಧಾನದ ಮಾತುಗಳಲ್ಲಿ ಅಮೂಲ್ಯವಾದ ಒಂದೆರಡು ವರ್ಷ ಕಳೆದುಹೋಗುವುದು ಅನುಕೂಲಸ್ಥರ ಮನೆಗಳಲ್ಲಿಯೂ ಉಂಟು.

ಅಮೆರಿಕದಲ್ಲಿ ದಿನದ ಲೆಕ್ಕ

ಅಮೆರಿಕದಲ್ಲಿ ಬಡ ಕುಟುಂಬದ ಮಕ್ಕಳಿಗಾಗಿ 1965ರಲ್ಲಿ ಆರಂಭವಾದ ಹೆಡ್ ಸ್ಟಾರ್ಟ್ ಎಂಬ ಕಾರ್ಯಕ್ರಮ ನಮ್ಮ ಅಂಗನವಾಡಿಯನ್ನು ಹೋಲುತ್ತದೆ. ಅಲ್ಲಿನ ನಿಯಮದಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಮಗು ಮೊದಲ ಬಾರಿ ಹಾಜರಾದ ದಿನದಿಂದ ಗಡುವು ಶುರು. 45 ದಿನದೊಳಗೆ ದೃಷ್ಟಿ, ಶ್ರವಣ ಮತ್ತು ಬೆಳವಣಿಗೆಯ ಪ್ರಾಥಮಿಕ ಪರೀಕ್ಷೆ ಮುಗಿಯಬೇಕು. 90 ದಿನದೊಳಗೆ ಮಗುವಿನ ಆರೋಗ್ಯ ತಪಾಸಣೆ ಮತ್ತು ಲಸಿಕೆಗಳು ವಯಸ್ಸಿಗೆ ತಕ್ಕಂತೆ ಆಗಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ದೋಷ ಕಂಡರೆ ಮುಂದಿನ ಪರೀಕ್ಷೆ, ಚಿಕಿತ್ಸೆಗೆ ಕುಟುಂಬಕ್ಕೆ ನೆರವಾಗಬೇಕು.

ನಮ್ಮಲ್ಲಿ ಗಡುವು ತಂಡದ ಭೇಟಿಗಿದೆ, ಮಗುವಿಗಿಲ್ಲ. ತಂಡ ಬಂದ ದಿನ ಮಗುವಿಗೆ ಜ್ವರವಿದ್ದು ಮನೆಯಲ್ಲಿದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಕಾಗಬಹುದು. ಪ್ರತಿ ಮಗುವಿನ ಹೆಸರಿನ ಮುಂದೆ ದಿನಾಂಕ ಬರೆಯುವ ಪದ್ಧತಿಗೆ ಹೆಚ್ಚಿನ ಹಣ ಬೇಡ.

ಪೋಷಕರು ಕೇಳಬೇಕಾದ ಪ್ರಶ್ನೆಗಳು

ಮಗುವನ್ನು ಪ್ಲೇ ಹೋಮ್ ಅಥವಾ ನರ್ಸರಿಗೆ ಸೇರಿಸುವ ಮುನ್ನ ಈ ಕೆಳಗಿನವುಗಳನ್ನು ವಿಚಾರಿಸುವುದು ಸೂಕ್ತ:

1. ವರ್ಷಕ್ಕೆ ಎಷ್ಟು ಬಾರಿ ವೈದ್ಯರು ಬರುತ್ತಾರೆ? ವರದಿಯನ್ನು ಲಿಖಿತವಾಗಿ ಕೊಡುತ್ತಾರೆಯೇ?
2. ತೂಕ, ಎತ್ತರವನ್ನು ದಾಖಲಿಸುತ್ತಾರೆಯೇ? ಹಿಂದಿನ ಅಳತೆಯೊಂದಿಗೆ ಹೋಲಿಸಿ ತೋರಿಸುತ್ತಾರೆಯೇ?
3. ಒಂದೊಂದೇ ಕಣ್ಣು ಮುಚ್ಚಿ ದೃಷ್ಟಿ ಪರೀಕ್ಷೆ, ಎರಡೂ ಕಿವಿಗಳ ಶ್ರವಣ ಪರೀಕ್ಷೆ ನಡೆಯುತ್ತದೆಯೇ?
4. ಲಸಿಕೆ ಕಾರ್ಡನ್ನು ಪರಿಶೀಲಿಸಿ, ಬಾಕಿ ಇರುವ ಡೋಸ್ ತಿಳಿಸುವವರು ಯಾರು?
5. ಅಲರ್ಜಿ, ಉಬ್ಬಸ, ಮೂರ್ಛೆಯ ವಿವರವನ್ನು ತರಗತಿಯ ಶಿಕ್ಷಕಿಯ ಬಳಿ ಇಟ್ಟಿರುತ್ತಾರೆಯೇ?
6. ಶಿಕ್ಷಕಿಗೆ ಅನುಮಾನ ಬಂದರೆ ಪೋಷಕರಿಗೆ ಹೇಳುವ ಕ್ರಮವೇನು?

ಕೊನೆಯ ಪ್ರಶ್ನೆ ಹೆಚ್ಚು ಮಹತ್ವದ್ದು. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ನೋಡುವ ಶಿಕ್ಷಕಿಗೆ ವ್ಯತ್ಯಾಸ ಬೇಗ ಕಾಣುತ್ತದೆ. ಪೋಷಕರು ಮುನಿಸಿಕೊಂಡಾರು ಎಂಬ ಅಳುಕಿನಿಂದ ಆಕೆ ಸುಮ್ಮನಾದರೆ ನಷ್ಟ ಮಗುವಿಗೆ. ಹದಿನೆಂಟು ತಿಂಗಳಾದರೂ ನಡೆಯದ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗುವನ್ನು ಕಾಯದೆ ವೈದ್ಯರಿಗೆ ತೋರಿಸಬೇಕು.

ಎಲ್ಲಿ ತೋರಿಸಬೇಕು?

ಲಸಿಕೆ ಮತ್ತು ಮೊದಲ ಸಲಹೆಗೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಸಣ್ಣಪುಟ್ಟ ಕಾಯಿಲೆಗಳಿಗೆ ನಮ್ಮ ಕ್ಲಿನಿಕ್‌ಗಳಿವೆ. ಇಎಸ್‌ಐ ಸೌಲಭ್ಯವುಳ್ಳ ಕಾರ್ಮಿಕರ ಮಕ್ಕಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಕೂಗಳತೆಯಲ್ಲೇ ಇದೆ. ಅವಲಂಬಿತ ಮಕ್ಕಳಿಗೂ ಅಲ್ಲಿ ಚಿಕಿತ್ಸೆಯ ಹಕ್ಕಿದೆ. ಹೆಚ್ಚಿನ ಚಿಕಿತ್ಸೆಗೆ ಸರ್ಕಾರಿ ವಾಣಿವಿಲಾಸ ಆಸ್ಪತ್ರೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವರ್ತನೆ ಮತ್ತು ಬೆಳವಣಿಗೆಯ ಸಮಸ್ಯೆಗಳಿಗೆ ನಿಮ್ಹಾನ್ಸ್ ಇವೆ. ಮಾತು ಮತ್ತು ಶ್ರವಣದೋಷಕ್ಕೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರುವಾಸಿ.

ಅಂಗನವಾಡಿಯ ಬಾಗಿಲು ಬಡವರಿಗೆ ಮಾತ್ರ ತೆರೆದಿದೆ ಎಂಬ ತಿಳಿವಳಿಕೆಯೂ ಸರಿಯಲ್ಲ. ತನ್ನ ಪ್ರದೇಶದ ಆರು ವರ್ಷದೊಳಗಿನ ಮಕ್ಕಳ ಸಮೀಕ್ಷೆ ಕಾರ್ಯಕರ್ತೆಯ ಕೆಲಸದ ಭಾಗ. ಸಂಚಾರಿ ತಂಡ ಬರುವ ದಿನವನ್ನು ಆಕೆಯ ಬಳಿ ವಿಚಾರಿಸಲು ಯಾರಿಗೂ ಅಡ್ಡಿಯಿಲ್ಲ.

ಮಗುವಿಗೆ ಈಗಾಗಲೇ ಶಿಫಾರಸು ಚೀಟಿ ಬಂದಿದ್ದರೆ, ಅದು ಅಂಗನವಾಡಿಯದ್ದಾಗಲಿ, ಪ್ಲೇ ಹೋಮ್‌ನದ್ದಾಗಲಿ, ಲಸಿಕೆ ಕಾರ್ಡಿನ ಜೊತೆಗೇ ಇಡುವುದು ಒಳಿತು. ಮನೆ ಬದಲಿಸಿದಾಗ, ಶಾಲೆ ಬದಲಿಸಿದಾಗ ಎರಡನ್ನೂ ಹೊಸ ಶಿಕ್ಷಕಿಗೆ ತೋರಿಸಬೇಕು. ಒಂದನೇ ತರಗತಿಗೆ ಕಾಲಿಡುವ ಮುನ್ನ ಮಗುವಿನ ಕಣ್ಣು, ಕಿವಿ, ಹಲ್ಲು, ತೂಕ ಮತ್ತು ಡಿಪಿಟಿ ಎರಡನೇ ಬೂಸ್ಟರ್ ಇವಿಷ್ಟರ ಮುಂದೆ ದಿನಾಂಕ ಬಿದ್ದಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಇಲ್ಲವೆಂದಾದರೆ ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬಹುದು.